ಕಲಿಸಿದ ಎದೆನೋವು

“ಸುಳ್ಳು ಹೇಳಾಕ ಬಾ ಅಂದಿ, ಬಂದೀನಿ. ಈಗ ಒಂದು ಖರೇ ಮಾತು ಹೇಳಿದ್ರ ಮಾರಿ ಗಂಟು ಹಾಕ್ಕೊಂತೀಯಲ್ಲಬೇ?”

“ಸಣ್ಣಗ ಮಾತಾಡು ದೊಡ್ಡಪ್ಪ. ಅವ್ರು ಆಫೀಸಿನ್ಯಾಗ ಬಂದು ಕುಂತಾರ.”

“ಕುಂದ್ರಲಿ. ನನಗ್ಯಾಕ ಅವರ ಭಯ? ಈ ಕಾಲೇಜು ನಾ ಕಟ್ಟಿಸೀನೇನು?”

ಸುರೇಖಾ ಹಲ್ಲು ಕಚ್ಚಿಕೊಂಡಳು. ಕಿಟಕಿ ಪಕ್ಕದ ಮಂಚದ ಮೇಲೆ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಕೂತಿದ್ದ ಹುಲಿಗೆಪ್ಪ ಅವಳ ಅಪ್ಪನ ಅಣ್ಣ. ಬಾಳೆತೋಟದ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡಿದ ಗಂಟಲು ಅವನದು. ಸಣ್ಣಗೆ ಮಾತಾಡು ಎಂದರೆ ಅದಕ್ಕೆ ಬರುವುದಿಲ್ಲ. ಉಳಿದ ಮಂಚಗಳಲ್ಲಿ ಮಲಗಿದ್ದವರು ಹೊದಿಕೆಯಿಂದ ಮುಖ ಹೊರಗೆ ಹಾಕಿ ನೋಡತೊಡಗಿದರು. ಎದುರು ಮಂಚದ ಈಶಪ್ಪನಿಗೆ ಕೊಟ್ಟಿದ್ದ ರೋಗ ಪಾರ್ಶ್ವವಾಯು. ಬೆಳಗಿನಿಂದ ಬಾಯಿ ಸೊಟ್ಟ ಮಾಡುವುದನ್ನು ರೂಢಿ ಮಾಡಿಕೊಂಡಿದ್ದ ಅವನು ಈಗ ಆ ಸೊಟ್ಟ ಬಾಯಲ್ಲೇ ನಗುತ್ತಿದ್ದ.

ಆ ವಾರ್ಡಿನಲ್ಲಿ ಕಾಯಿಲೆ ಇದ್ದವರು ಒಬ್ಬರೂ ಇರಲಿಲ್ಲ. ಸುರೇಖಾ ಹಾಗೆಂದೇ ತಿಳಿದಿದ್ದಳು.

ಕಾಲೇಜು ಗಂಗಾವತಿಯ ಹೊರಗೆ, ಅಕ್ಕಿ ಗಿರಣಿಗಳ ಸಾಲು ಮುಗಿದ ಮೇಲೆ ಬರುತ್ತದೆ. ನರ್ಸಿಂಗ್ ಕಾಲೇಜು ನಡೆಸಬೇಕಾದರೆ ಅದಕ್ಕೊಂದು ಆಸ್ಪತ್ರೆ ಇರಬೇಕು, ಆಸ್ಪತ್ರೆಯಲ್ಲಿ ರೋಗಿಗಳು ಇರಬೇಕು ಎಂದು ನಿಯಮ. ಇಲ್ಲಿ ಆಸ್ಪತ್ರೆ ಇತ್ತು, ಮಂಚಗಳಿದ್ದವು, ಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಿದ್ದವು. ರೋಗಿಗಳು ಮಾತ್ರ ಬರುತ್ತಿರಲಿಲ್ಲ. ಜನಕ್ಕೆ ಬುದ್ಧಿ ಇದೆ. ಮೈ ಕೆಟ್ಟರೆ ಡಾಕ್ಟರು ಇರುವ ಕಡೆ ಹೋಗುತ್ತಾರೆ. ಆದ್ದರಿಂದ ಇನ್‌ಸ್ಪೆಕ್ಷನ್ ಬಂದಾಗಲೆಲ್ಲ ಹುಡುಗಿಯರು ತಮ್ಮ ತಮ್ಮ ಊರಿನ ಮಂದಿಯನ್ನು ಕರೆತರುವುದು ರೂಢಿ. ಕುಷ್ಟಗಿಯವಳು ಕುಷ್ಟಗಿಯಿಂದ, ಯಲಬುರ್ಗಾದವಳು ಯಲಬುರ್ಗಾದಿಂದ. ಬಂದವರಿಗೆ ಒಂದು ದಿನದ ಕೂಲಿ, ಮಧ್ಯಾಹ್ನದ ಊಟ, ಮಲಗಲು ಮಂಚ, ಮೇಲೊಂದು ಫ್ಯಾನು. ಮೈಮುರಿದು ದುಡಿಯುವವರಿಗೆ ಅದೊಂದು ಹಬ್ಬ. ಇದು ಮೋಸ ಎಂಬುದು ಎಲ್ಲರಿಗೂ ಗೊತ್ತಿತ್ತು. ನೋಡಲು ಬರುವವರಿಗೂ ಗೊತ್ತಿತ್ತು.

ಸುರೇಖಾಳದು ಕೊನೆಯ ವರ್ಷ. ಈ ಸಲ ಮಾನ್ಯತೆ ತಪ್ಪಿದರೆ ಇಡೀ ಬ್ಯಾಚು ಪರೀಕ್ಷೆಗೆ ಕೂರುವಂತಿಲ್ಲ, ಓದಿದ ವರ್ಷಗಳೆಲ್ಲ ನೀರಿಗೆ ಹೋದಂತೆ ಎಂದು ಪ್ರಿನ್ಸಿಪಾಲ್ ಶಿವಲೀಲಾ ಮೇಡಂ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು. ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಸುರೇಖಾಳ ತಮ್ಮ ಗೌತಮ ಇದೇ ರಸ್ತೆಯ ಗಿರಣಿಯೊಂದರಲ್ಲಿ ಚೀಲ ಹೊರುತ್ತಾನೆ. ಮೊದಲು ಅಕ್ಕ ನರ್ಸಾಗಲಿ ಎಂದು ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಹನುಮನಹಳ್ಳಿಯಿಂದ ಬಸ್ಸು ಸಿಗುವ ಜಾಗದವರೆಗೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ಬಿಡುತ್ತಿದ್ದವನು ಈ ದೊಡ್ಡಪ್ಪ. ಬಸ್ಸು ತಡವಾದರೆ ಡ್ರೈವರನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವನೂ ಅವನೇ.

ಕೊನೆಯ ವರ್ಷದಲ್ಲಿ ನಾಯಕತ್ವ ಎಂಬ ಪಾಠ ಇರುತ್ತದೆ. ವಾರಕ್ಕೊಬ್ಬಳು ವಾರ್ಡಿಗೆ ಲೀಡರು. ಯಾರು ಯಾವ ಮಂಚ ನೋಡಬೇಕು, ಯಾರು ಏನು ವರದಿ ಕೊಡಬೇಕು ಎಲ್ಲ ಅವಳ ಮಾತಿನಂತೆ. ಲೀಡರ್ ಎಂದರೆ ಮುಖದ ಮೇಲೆ ಗಾಬರಿ ತೋರಿಸದವಳು ಎಂದು ಶಿವಲೀಲಾ ಮೇಡಂ ಪಾಠ ಮಾಡಿದ್ದರು. ವಯಸ್ಕರ ಆರೈಕೆ ಕಲಿಸಿದವರೂ ಅವರೇ. ಅದನ್ನು ಚೆನ್ನಾಗಿಯೇ ಕಲಿಸಿದ್ದರು. ಮಷೀನಿನ ಮುಖ ನೋಡುವ ಮೊದಲು ಮನುಷ್ಯನ ಮೈ ಮುಟ್ಟಿ ನೋಡಿರಿ ಎನ್ನುತ್ತಿದ್ದರು. ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಬಹಳ ಕಾಲ ದುಡಿದು ಬಂದವರು ಅವರು. ಈ ಕಾಲೇಜಿನಲ್ಲಿ ಮುಟ್ಟಿ ನೋಡಲು ಇದ್ದದ್ದು ರಬ್ಬರಿನ ಗೊಂಬೆ. ಆ ಗೊಂಬೆಗೂ ಎಡಗೈ ಇರಲಿಲ್ಲ.

ಈ ವಾರದ ಲೀಡರು ಸುರೇಖಾ.

ಕಿಟಕಿ ಪಕ್ಕದ ಮಂಚಕ್ಕೆ ಮಾನಿಟರ್ ಇಟ್ಟಿದ್ದರು. ಅದು ಬಾಡಿಗೆಗೆ ತಂದದ್ದು. ವೈರುಗಳು ಅದರವಲ್ಲ, ಎಲ್ಲೋ ಬಿದ್ದಿದ್ದವನ್ನು ತಂದು ನೋಡುವವರ ಕಣ್ಣಿಗೆ ಕಾಣಲೆಂದು ಸಿಕ್ಕಿಸಿದ್ದಷ್ಟೇ. ತಂದು ಕೊಟ್ಟವನು ಅದನ್ನು ಡೆಮೊಗೆ ಹಾಕಿ ಹೋಗಿದ್ದ. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲು ಮಾಡಿರುವ ಚಿತ್ರ ಅದು: ಯಾರಿಗೆ ಹಚ್ಚಿದರೂ, ಯಾರಿಗೂ ಹಚ್ಚದಿದ್ದರೂ, ಹಸಿರು ಗೆರೆ ಕುಣಿಯುತ್ತಾ ಹೋಗುತ್ತದೆ, ಮೇಲೆ ಎಪ್ಪತ್ತೆರಡು ಎಂದು ಬರೆದಿರುತ್ತದೆ. ಪರದೆಯ ಮೂಲೆಯಲ್ಲಿದ್ದ ಡೆಮೊ ಎಂಬ ಅಕ್ಷರಗಳ ಮೇಲೆ ಸುರೇಖಾಳ ಗೆಳತಿ ಮೆಹಜಬೀನ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿದ್ದಳು. ಅಂಟಿಸಿ, “ನಮ್ಮ ಗೊಂಬಿಗಿಂತ ಇದರ ಎದಿ ಛಲೋ ಬಡಿತೈತಿ ನೋಡಬೇ” ಎಂದಿದ್ದಳು.

ಹುಲಿಗೆಪ್ಪನಿಗೆ ಎದೆನೋವು ಕಲಿಸಿದವಳು ಸುರೇಖಾ. ಮನೆಯ ಕಟ್ಟೆಯ ಮೇಲೆ ಕೂರಿಸಿ, ಪುಸ್ತಕದಲ್ಲಿದ್ದದ್ದನ್ನು ಅವನ ಬಾಯಿಗೆ ಬರುವಂತೆ ಬದಲಿಸಿ ಕಲಿಸಿದ್ದಳು. ಎದಿ ಹಿಂಡಿದಂಗ ಆಗತೈತ್ರಿ. ಎಡಗೈ ಜಗ್ಗತೈತ್ರಿ. ದಮ್ಮು ಹತ್ತೈತ್ರಿ. ದೊಡ್ಡಮ್ಮ ಸುಂಕಲಮ್ಮ ಬಾಳೆನಾರು ಹೊಸೆಯುತ್ತ ಕೂತಿದ್ದವಳು, ಇಂಥ ಅಪಶಕುನದ ಆಟ ಯಾಕೆ, ಬೇರೆ ಏನಾದರೂ ಕೊಡು ಎಂದು ಗೊಣಗಿದ್ದಳು. ಅವನು ಕೇಳಲಿಲ್ಲ. ಬರುವ ದಾರಿಯುದ್ದಕ್ಕೂ ಟೆಂಪೋದಲ್ಲಿ ಎದೆ ಹಿಡಿದುಕೊಂಡು ಈ ಮಾತು ಹೇಳಿ ಹೇಳಿ ಎಲ್ಲರನ್ನೂ ನಗಿಸಿದ್ದ. ಆನೆಗೊಂದಿ ದಾಟುವ ಹೊತ್ತಿಗೆ ಇಡೀ ಟೆಂಪೋಗೆ ಅದು ಬಾಯಿಪಾಠವಾಗಿತ್ತು.

ಈಗ ಅವನು ಹೇಳುತ್ತಿದ್ದದ್ದು ಬೇರೆ. ಗದ್ದ ನೋಯುತ್ತಿದೆಯಂತೆ. ಹಲ್ಲಿನ ಬುಡದಲ್ಲಿ ಸೆಳೆತ. ಹೊಟ್ಟೆಯ ಮೇಲೆ ಕಲ್ಲು ಇಟ್ಟ ಹಾಗೆ. ಬಾಯಲ್ಲಿ ನೀರು ಬರುತ್ತಿದೆ.

“ಎದಿ ನೋಯ್ತೈತೇನು?” ಎಂದು ಸುರೇಖಾ ಕೇಳಿದಳು.

“ಎದಿ ಅಲ್ಲಬೇ. ಎದಿ ನೀ ಕಲಿಸಿದ್ದು. ಇದು ಬ್ಯಾರೆ.”

ಅವಳಿಗೆ ಒಂದು ಕ್ಷಣ ಹಗುರಾಯಿತು. ಬೆಳಿಗ್ಗೆ ಗಂಗಾವತಿಯಲ್ಲಿ ಟೆಂಪೋ ನಿಲ್ಲಿಸಿ ಎಲ್ಲರೂ ಮಂಡಕ್ಕಿ, ಮಿರ್ಚಿ ತಿಂದಿದ್ದರು. ಹುಲಿಗೆಪ್ಪ ಈಶಪ್ಪನ ಪಾಲಿನ ಮಿರ್ಚಿಯನ್ನೂ ತಿಂದು ಅವನ ಹತ್ತಿರ ಬೈಸಿಕೊಂಡಿದ್ದ. ವಾಯು ಆಗಿದೆ ಎಂದಳು. ಚೀಲದಿಂದ ಗ್ಯಾಸಿನ ಗುಳಿಗೆ ತೆಗೆದು ಕೊಟ್ಟಳು. ಅವನು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೂ ಅವಳನ್ನೂ ನೋಡಿದ.

“ನನ್ನ ಕೈ ಹಿಡದು ನೋಡು ಒಮ್ಮೆ. ಎಲ್ಲಾರ ಕೈ ಹಿಡದು ನೋಡ್ತಿ ಅಂತ ಊರೆಲ್ಲ ಹೇಳ್ಕೊಂಡು ಅಡ್ಡಾಡೀನಿ. ನನ್ನ ಕೈಗೆ ಏನು ಮುಳ್ಳು ಅದಾವೇನು?”

“ಅವ್ರು ಹೋದ ಮ್ಯಾಲ ನೋಡ್ತೀನಿ ದೊಡ್ಡಪ್ಪ. ಈಗ ನಿನ್ನೊಬ್ಬನ ಮುಂದ ನಿಂತ್ರ ಹೆಂಗ? ಈಗ ಸುಮ್ನ ಮಕ್ಕೊ. ಅವ್ರು ಬಂದಾಗ ಕಲಿಸಿದ್ದಷ್ಟ ಹೇಳು. ಗದ್ದ, ಹಲ್ಲು ಅಂತ ತಗದಿ ಅಂದ್ರ ನನ್ನ ಮಾನ ಕಳದಿ ನೋಡು.”

“ನಿನ್ನ ಮಾನಕ್ಕ ಬೆಂಕಿ ಹಚ್ಚಲಿ,” ಎಂದು ಅವನು ಗುಳಿಗೆ ನುಂಗಿ, ತನ್ನ ಫೋನನ್ನು ದಿಂಬಿನಡಿ ತುರುಕಿ, ಗೋಡೆಯ ಕಡೆ ತಿರುಗಿ ಮಲಗಿದ.

ಅವಳು ಹೊರಗೆ ಹೋಗಿ ನೀರಿನ ಕೊಡ, ಕೈ ತೊಳೆಯುವ ಸೋಪು, ಸೂಜಿ ಹಾಕುವ ಡಬ್ಬಿ ಎಲ್ಲ ಸರಿಯಿದೆಯೇ ಎಂದು ನೋಡಿ ಬಂದಳು. ದೊಡ್ಡಪ್ಪನ ಸಿಟ್ಟು ಅವಳಿಗೆ ಹೊಸದಲ್ಲ. ಅಂಜನಾದ್ರಿ ಬೆಟ್ಟದ ಮೇಲಿನ ಅಂಗಡಿಗಳಿಗೆ ನೀರಿನ ಬಾಟಲಿಯ ಪೆಟ್ಟಿಗೆ ಹೊರುತ್ತಿದ್ದವನು ಈಚೆಗೆ ಅದನ್ನು ಬಿಟ್ಟಿದ್ದ. ಯಾಕೆಂದು ಕೇಳಿದವರ ಮೇಲೆಲ್ಲ ಹರಿಹಾಯುತ್ತಿದ್ದ. ಮೆಟ್ಟಿಲು ಅರ್ಧ ಹತ್ತಿದರೆ ಕೂರುತ್ತಾನೆ ಎಂದು ಸುಂಕಲಮ್ಮ ಒಮ್ಮೆ ಹೇಳಿದ್ದಳು. ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ನೆನಪಾದ ದಿನ ತೆಗೆದುಕೊಳ್ಳುತ್ತಿದ್ದ. ಇದೆಲ್ಲ ಸುರೇಖಾಳಿಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ಆ ಹೊತ್ತಿಗೆ ನೆನಪಿಗೆ ಬರುವುದು ಬೇರೆ.

ಇನ್‌ಸ್ಪೆಕ್ಷನ್ನಿಗೆ ಬಂದವರಲ್ಲಿ ಗಂಡಸು ಫೋನಿನಲ್ಲಿ ಮಾತಾಡುತ್ತ ಬಾಗಿಲಲ್ಲೇ ನಿಂತ. ಜೊತೆಗಿದ್ದ ಹೆಂಗಸು, ಬೆಂಗಳೂರಿನ ಕಡೆಯ ಪ್ರೊಫೆಸರು, ನರೆಗೂದಲು, ಕಾಟನ್ ಸೀರೆ, ಮಂಚದಿಂದ ಮಂಚಕ್ಕೆ ನಿಧಾನವಾಗಿ ಬಂದರು. ಹಿಂದೆ ಶಿವಲೀಲಾ ಮೇಡಂ. ಈಶಪ್ಪ ಬಾಯಿಯನ್ನು ತಪ್ಪು ಕಡೆಗೆ ಸೊಟ್ಟ ಮಾಡಿದ್ದ. ಬಲಗೈ ಬಿದ್ದವನ ಬಾಯಿ ಎಡಕ್ಕೆ ಎಳೆದಿರಬೇಕು. ಪ್ರೊಫೆಸರು ಅದನ್ನು ನೋಡಿದರು. ನೋಡಿ ಮುಂದೆ ನಡೆದರು.

ಕಿಟಕಿ ಪಕ್ಕಕ್ಕೆ ಬಂದಾಗ ಹುಲಿಗೆಪ್ಪ ಅಂಗಾತ ಮಲಗಿದ್ದ. ಸುರೇಖಾ ಕೇಸು ಒಪ್ಪಿಸತೊಡಗಿದಳು. ಅವಳ ಮಾತು ತಡವರಿಸಲಿಲ್ಲ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದು ನಲ್ಲಿಯ ನೀರಿನಂತೆ ಬಂತು. ಪ್ರೊಫೆಸರು ಹುಲಿಗೆಪ್ಪನ ಕಡೆ ಬಾಗಿ ಏನಾಗುತ್ತದೆ ಎಂದು ಕೇಳಿದರು.

“ಎದಿ ಹಿಂಡಿದಂಗ ಆಗತೈತ್ರಿ,” ಎಂದ ಹುಲಿಗೆಪ್ಪ. ಟೆಂಪೋದಲ್ಲಿ ಹೇಳಿದಂತೆ ಹೇಳಲಿಲ್ಲ. ಒಂದೊಂದು ಮಾತಿಗೂ ನಿಂತು ಹೇಳಿದ. “ಎಡಗೈ ಜಗ್ಗತೈತ್ರಿ. ದಮ್ಮು ಹತ್ತೈತ್ರಿ.” ಹೇಳಿ ಮುಗಿಸಿ ಸುರೇಖಾಳ ಕಡೆ ನೋಡಿದ, ಸರಿಯಾಗಿ ಹೇಳಿದೆನಾ ಎನ್ನುವಂತೆ.

ಅವನ ಹಣೆಯ ಮೇಲೆ ಬೆವರು ನಿಂತಿತ್ತು. ಹಸಿರು ಅಂಗಿಯ ಕೊರಳು ತೊಯ್ದು ಕಪ್ಪಾಗಿತ್ತು. ಫ್ಯಾನು ತಲೆಯ ಮೇಲೆಯೇ ತಿರುಗುತ್ತಿತ್ತು. ಬೆವರು ಸುರೇಖಾ ಕಲಿಸಿದ್ದಲ್ಲ.

ಪ್ರೊಫೆಸರು ಮಾನಿಟರ್ ನೋಡಿದರು. ಮೂಲೆಯ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಒಂದಿಷ್ಟು ಎತ್ತಿ, ಮತ್ತೆ ಬೆರಳಿನಿಂದ ಒತ್ತಿ ಅಂಟಿಸಿದರು. ತುಟಿಯ ತುದಿಯಲ್ಲಿ ನಗು ಬಂತು. ಶಿವಲೀಲಾ ಮೇಡಂ ನೆಲ ನೋಡಿದರು.

“ನಾಡಿ ಎಷ್ಟಿದೆ? ಇದನ್ನು ನೋಡಬೇಡಮ್ಮ, ಕೈಯಲ್ಲಿ ಹಿಡಿದು ಎಣಿಸಿ ಹೇಳು.”

ಸುರೇಖಾ ದೊಡ್ಡಪ್ಪನ ಮಣಿಕಟ್ಟು ಹಿಡಿದಳು. ಚರ್ಮ ತಣ್ಣಗೆ, ಜಾರುತ್ತಿತ್ತು. ಮೊದಲು ಏನೂ ಸಿಗಲಿಲ್ಲ. ಬೆರಳು ಸರಿಸಿದಳು. ಆಮೇಲೆ ಸಿಕ್ಕಿತು. ನೂಲಿನಷ್ಟು ತೆಳ್ಳಗೆ, ದಡದಡನೆ ಓಡಿ, ನಿಂತು, ಒಂದು ಬಡಿದು, ಮತ್ತೆ ನಿಂತು, ಒಟ್ಟಿಗೆ ಹಲವು ಬಡಿದು. ಎಣಿಸಲು ಬರುವಂಥದ್ದಲ್ಲ ಅದು. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ನೋವು ಎದೆಗೆ ಬರದೆ ಗದ್ದಕ್ಕೆ, ಹಲ್ಲಿಗೆ, ಹೊಟ್ಟೆಗೆ ಬರಬಹುದು ಎಂದು ಅವಳೇ ಪರೀಕ್ಷೆಯಲ್ಲಿ ಬರೆದಿದ್ದಳು. ಆ ಉತ್ತರಕ್ಕೆ ಮೇಡಂ ಪಕ್ಕದಲ್ಲಿ ಚೆನ್ನಾಗಿದೆ ಎಂದು ಬರೆದಿದ್ದರು. ಈಗ ಬೆರಳ ತುದಿಯಲ್ಲಿ ಆ ಇಡೀ ಪುಟ ಬಡಿದುಕೊಳ್ಳುತ್ತಿತ್ತು.

ತಲೆ ಎತ್ತಿದಳು. ಗೋಡೆಯ ಪಕ್ಕ ಸಾಲಾಗಿ ನಿಂತಿದ್ದ ಹುಡುಗಿಯರು, ಇಸ್ತ್ರಿ ಮಾಡಿದ ಬಿಳಿ ಅಂಗಿಗಳು. ಮೆಹಜಬೀನ ಉಸಿರು ಹಿಡಿದು ನಿಂತಿದ್ದಳು. ಶಿವಲೀಲಾ ಮೇಡಂ ನೆಲದಿಂದ ಕಣ್ಣೆತ್ತಿ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಈ ಮನುಷ್ಯನಿಗೆ ನಿಜವಾಗಿ ಆಗಿದೆ ಎಂದರೆ, ಉಳಿದವರಿಗೆ ನಿಜವಾಗಿ ಆಗಿಲ್ಲ ಎಂದಂತಾಯಿತು. ಬಾಯಲ್ಲಿ ಎರಡು ಮಾತು ಇದ್ದವು. ಒಂದನ್ನು ಹೇಳಿದರೆ ಈ ಕಾಲೇಜಿನ ಗೋಡೆ ಬೀಳುತ್ತದೆ.

ಹುಲಿಗೆಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಕೊನೆಗೂ ಕೈ ಹಿಡಿದಳಲ್ಲ ಎಂದು ಅವನ ಮುಖ ಸಡಿಲವಾಗಿತ್ತು.

“ಎಪ್ಪತ್ತೆರಡು, ಮೇಡಂ.”

“ಗುಡ್. ಎರಡೂ ಒಂದೇ ಬಂತು,” ಎಂದು ಪ್ರೊಫೆಸರು ಮುಂದಿನ ಮಂಚಕ್ಕೆ ಹೋದರು.

ಲೀಡರು ಅವರ ಜೊತೆ ಹೋಗಬೇಕು. ಸುರೇಖಾ ಹೆಜ್ಜೆ ಎತ್ತುವಷ್ಟರಲ್ಲಿ ಹುಲಿಗೆಪ್ಪ ಅವಳ ಬಿಳಿ ಅಂಗಿಯ ಚುಂಗು ಹಿಡಿದ. ಅವನಿಗೂ ಸಣ್ಣಗೆ ಮಾತಾಡಲು ಬರುತ್ತಿತ್ತು.

“ಎಪ್ಪತ್ತೆರಡು ಅಂದ್ರ ಛಲೋ ಏನು?”

ಪ್ರೊಫೆಸರು ಎರಡು ಮಾರು ದೂರದಲ್ಲಿದ್ದರು. ಸುರೇಖಾ ತಲೆ ಅಲ್ಲಾಡಿಸಿದಳು, ಹೌದು ಎಂದು.

“ನಾ ಸುಮ್ನ ಹೆದರಿದ್ನಿ ನೋಡು.” ಅವನು ನಕ್ಕ. ತುಟಿ ಒಣಗಿ ಹಲ್ಲಿಗೆ ಅಂಟಿತ್ತು. “ಮುಂಜಾನಿಂದ ಜೀವ ಹೋದಂಗ ಆಗಿತ್ತು. ಸಿಟ್ಟಿಗೆ ಏನೇನೋ ಅಂದ್ನಿ ನಿನಗ. ಮನಸಿಗೆ ಹಚ್ಕೋಬ್ಯಾಡ, ನಮ್ಮವ್ವ.”

ಮಲಗೇ ಇರು, ನಾನು ಬರುವವರೆಗೆ ಏಳಬೇಡ ಎಂದು ಅವಳು ಪಿಸುಗುಟ್ಟಿದಳು. ಆಗಲಿ ಎಂದ. ಮುಂದಿನ ಮಂಚದ ಪಂಪಮ್ಮನಿಗೆ ಉಬ್ಬಸ. ಆಕೆ ಹೇಳಬೇಕಾದದ್ದನ್ನೆಲ್ಲ ಮರೆತು ಸೀದಾ ತನ್ನ ಸೊಸೆಯ ದೂರು ಹೇಳತೊಡಗಿದ್ದಳು. ಅದನ್ನು ಸರಿಪಡಿಸುವುದರಲ್ಲಿ ಸುರೇಖಾಳ ಬೆನ್ನು ಕಿಟಕಿಯ ಕಡೆ ಇತ್ತು. ತಿರುಗಿದಾಗ ಹುಲಿಗೆಪ್ಪ ಎದ್ದಿದ್ದ. ಹಸಿರು ಅಂಗಿಯ ಮೇಲೆಯೇ ತನ್ನ ಅಂಗಿ ಹಾಕಿಕೊಂಡಿದ್ದ, ಟವೆಲು ಹೆಗಲ ಮೇಲಿತ್ತು. ಬೆರಳಿಗೆ ಸಿಕ್ಕಿಸಿದ್ದ ಮಾನಿಟರಿನ ಕ್ಲಿಪ್ಪನ್ನು ತೆಗೆದು ದಿಂಬಿನ ಮೇಲೆ ಒಪ್ಪವಾಗಿ ಇಟ್ಟಿದ್ದ. ಅವಳನ್ನು ನೋಡಿ, ಇಲ್ಲಿ ಹೊಟ್ಟೆ ತೊಳಸುತ್ತದೆ, ಮನೆಗೆ ಹೋಗಿ ಮಲಗುತ್ತೇನೆ ಎಂದು ಕೈಸನ್ನೆಯಲ್ಲೇ ಹೇಳಿದ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ, ಸಪ್ಪಳವಾಗಿ ಅವಳ ಇನ್‌ಸ್ಪೆಕ್ಷನ್ ಕೆಡಬಾರದೆಂದು. ಬರಿಗಾಲಲ್ಲಿ, ಗೋಡೆಗೆ ಒಂದು ಕೈ ಕೊಟ್ಟು, ಹಿಂದಿನ ಬಾಗಿಲಿಂದ ಹೊರಗೆ ಹೋದ.

ಸುರೇಖಾ ಕೂಗಲಿಲ್ಲ.

ಪ್ರೊಫೆಸರು ಪಕ್ಕದ ವಾರ್ಡಿನ ಕಡೆ ಹೊರಟ ಮೇಲೆ ಅವಳು ಹಿಂದಿನ ಬಾಗಿಲಿಗೆ ಓಡಿದಳು. ಶಿವಲೀಲಾ ಮೇಡಂ ಅಲ್ಲೇ ಅಡ್ಡ ನಿಂತರು. ಬಾಗಿಲ ಹೊರಗೆ ಯಾರೂ ಇರಲಿಲ್ಲ. ಜಾಲಿ ಗಿಡ, ಅದರಾಚೆ ರಸ್ತೆ, ಬಿಸಿಲು.

“ಮೇಡಂ, ಆ ನಾಡಿ... ಅದು ಎಪ್ಪತ್ತೆರಡು ಇರಲಿಲ್ಲ ಮೇಡಂ. ಎಣಿಸಾಕ ಬರಲಿಲ್ಲ. ಬಿಟ್ಟು ಬಿಟ್ಟು ಬಡಿತಿತ್ತು. ನಮ್ಮ ದೊಡ್ಡಪ್ಪರಿ.”

ಮೇಡಂ ಮುಖ ಬೆಳ್ಳಗಾಯಿತು. ಐಸಿಯುನಲ್ಲಿ ದುಡಿದವರು, ಅವರಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಗದ್ದ ನೋಯುತ್ತಿದೆ ಅಂದನೇ ಎಂದು ಅವರೇ ಕೇಳಿದರು. ಹೌದು ಎಂದಳು. ಬಾಗಿಲಾಚೆಯ ರಸ್ತೆಯ ಕಡೆ ನೋಡಿದರು. ಪಕ್ಕದ ವಾರ್ಡಿನಿಂದ ಯಾರೋ ಅವರನ್ನು ಕರೆದರು.

“ನೀನ ಅವರ ಮುಂದ ಎಪ್ಪತ್ತೆರಡು ಅಂದಿ, ಸುರೇಖಾ,” ಎಂದರು ಕೊನೆಗೆ. “ಈಗ ನಾ ಏನಂತ ಹೇಳ್ಲಿ?”

ಮೆಹಜಬೀನಳನ್ನು ಗೇಟಿಗೆ ಕಳಿಸಿದರು. ಊಟವಾದ ಕೂಡಲೇ ಕಾರು ಕೊಡುತ್ತೇನೆ, ಎಲ್ಲಿದ್ದರೂ ಹುಡುಕಿ ಸರ್ಕಾರಿ ಆಸ್ಪತ್ರೆಗೆ ಹಾಕೋಣ ಎಂದರು. ಊಟಕ್ಕೆ ಮೊದಲು ಮಂಚ ಎಣಿಸಲು ಪ್ರೊಫೆಸರು ಮತ್ತೆ ಬರುತ್ತಾರೆ, ಲೀಡರು ವಾರ್ಡು ಬಿಟ್ಟು ಹೋಗಬಾರದು, ಕಿಟಕಿ ಪಕ್ಕದ ಮಂಚ ಖಾಲಿ ಇರಬಾರದು ಎಂದರು. ಅವರು ಹೋದ ಮೇಲೆ ಸುರೇಖಾ ಬಾಗಿಲಲ್ಲಿ ನಿಂತಳು. ಒಂದು ಕಾಲು ಹೊಸ್ತಿಲ ಹೊರಗಿತ್ತು. ಅದನ್ನು ಒಳಗೆ ತೆಗೆದುಕೊಂಡಳು.

ಮೆಹಜಬೀನ ವಾಪಸು ಬಂದಾಗ ಅವಳ ಹಿಂದೆ ವಾಚ್‌ಮನ್ ಜಿಲಾನಸಾಬನೂ ಬಂದ. ಹುಲಿಗೆಪ್ಪ ಆಗಲೇ ಆನೆಗೊಂದಿ ಕಡೆ ಹೋಗುವ ಆಟೋ ಹತ್ತಿದ್ದನಂತೆ. ಮಂಚ ತುಂಬಿಸಲು ಬೇರೆ ಯಾರೂ ಇಲ್ಲದ್ದರಿಂದ ಮೇಡಂ ವಾಚ್‌ಮನ್‌ನನ್ನೇ ಕಳಿಸಿದ್ದರು. ಅವನು ಖಾಕಿ ಅಂಗಿ ಬಿಚ್ಚುತ್ತ ಹೇಳಿದ.

“ಛಲೋ ಇದ್ದನಲ್ಲಬೇ ನಿಮ್ಮ ದೊಡ್ಡಪ್ಪ. ಗೇಟಿನ್ಯಾಗ ಒಂದೀಟು ಕುಂತ, ನೀರು ಕುಡದ. ಆರಾಮ ಇಲ್ಲೇನೋ ಅಂದ್ನಿ. ಏ ಇಲ್ಲಪಾ, ನಮ್ಮ ಹುಡುಗಿ ಕೈ ಹಿಡದು ನೋಡ್ಯಾಳ, ಏನೂ ಇಲ್ಲ ಅಂದಾಳ ಅಂದ. ನಕ್ಕೋಂತ ಹ್ವಾದ.”

ಮೆಹಜಬೀನ ಸುರೇಖಾಳ ಮುಖ ನೋಡಿ ಏನೋ ಕೇಳಹೋದಳು. ಕಾರಿಡಾರಿನಲ್ಲಿ ಚಪ್ಪಲಿಗಳ ಸಪ್ಪಳ ಕೇಳಿಸಿತು. ಅವಳು ತನ್ನ ಜಾಗಕ್ಕೆ ಹೋಗಿ ಗೋಡೆಗೆ ನಿಂತಳು.

ಜಿಲಾನಸಾಬ ಮಂಚ ಹತ್ತಿ ಮಲಗಿದವನು ಬೆನ್ನು ಎತ್ತಿದ.

“ಹಾಸಿಗಿ ತೊಯ್ದೈತಲ್ಲಬೇ.”

“ಮಕ್ಕೋರಿ,” ಎಂದಳು ಸುರೇಖಾ.

ದಿಂಬಿನ ಮೇಲಿದ್ದ ಕ್ಲಿಪ್ಪನ್ನು ಎತ್ತಿ ಅವನ ಬೆರಳಿಗೆ ಹಾಕಿದಳು. ಹೊದಿಕೆಯನ್ನು ಕೊರಳವರೆಗೆ ಎಳೆದಳು. ಅವನ ಮಣಿಕಟ್ಟು ಹಿಡಿದು ನಿಂತಳು. ಗೇಟು ಕಾಯುವವನ ನಾಡಿ, ಗಟ್ಟಿಯಾಗಿ, ಒಂದೇ ಸಮನೆ ಬಡಿಯುತ್ತಿತ್ತು. ಅವಳು ಎಣಿಸಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ಮೊದಲಿನಂತೆಯೇ ಕುಣಿಯುತ್ತ ಹೋಗುತ್ತಿತ್ತು.

ಪ್ರೊಫೆಸರು ಬಾಗಿಲಲ್ಲಿ ನಿಂತು ಬೆರಳಿನಿಂದ ಗಾಳಿಯಲ್ಲಿ ಮಂಚಗಳನ್ನು ಎಣಿಸತೊಡಗಿದರು. ಜಿಲಾನಸಾಬ ಕಣ್ಣು ಮುಚ್ಚಿದ. ಅವನ ತಲೆಯ ಕೆಳಗೆ, ದಿಂಬಿನಡಿಯಲ್ಲಿ, ಹುಲಿಗೆಪ್ಪ ಮರೆತುಹೋಗಿದ್ದ ಫೋನು ಗುಂಯ್ ಎಂದು ನಡುಗಿತು. ನಿಂತಿತು. ಮತ್ತೆ ನಡುಗಿತು.